ಅಕ್ಕನ ಕಾಲಿಗೆ ಒಪ್ಪುವ ಬ್ರೇಕು

ಕಾರಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ಇರಲಿಲ್ಲ. ಅಪ್ಪ ಬದುಕಿದ್ದ ಕಾಲದಿಂದಲೂ ಅದು ಅಲ್ಲೇ ತೂಗಾಡಿಕೊಂಡಿತ್ತು. ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗುವುದು, ತಂದು ಮತ್ತೆ ಅಲ್ಲಿಗೇ ಹಾಕುವುದು. ಈಗ ಅದು ಅಕ್ಕನ ಯೂನಿಫಾರ್ಮಿನ ಜೇಬಿನಲ್ಲಿತ್ತು, ಜೇಬಿನ ಬಾಯಿಗೆ ಒಂದು ಸೇಫ್ಟಿ ಪಿನ್ನು. ಬ್ಯಾಂಕಿನ ತಿಜೋರಿಗೂ ಅಷ್ಟು ಭದ್ರತೆ ಇದೆಯೋ ಇಲ್ಲವೋ! ಇಷ್ಟೆಲ್ಲ ಆದರೂ ಅಕ್ಕ ಒಂದು ಮಾತು ಬೈದಿರಲಿಲ್ಲ. ತಂಗಿಯ ಹೊಟ್ಟೆಗೆ ಬೆಂಕಿ ಇಟ್ಟದ್ದು ಅದೇ. ಬೈಯುವ ಅಕ್ಕನನ್ನು ಹೇಗೋ ಸಂಭಾಳಿಸಬಹುದು, ಬೈಯದ ಅಕ್ಕನನ್ನು ದೇವರೇ ಸಂಭಾಳಿಸಬೇಕು.

ಅಕ್ಕ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸು. ಊರಿಗೆಲ್ಲ ಆಕೆ ಸಿಸ್ಟರ್, ತಂಗಿಯೊಬ್ಬಳಿಗೆ ಅಕ್ಕ. ತಂಗಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ, ಕಣ್ಣು ಪರೀಕ್ಷೆ ಮಾಡುವುದೂ ಅವಳೇ. ಇಬ್ಬರಿಗೂ ಮದುವೆ ಕೂಡಿಬರಲಿಲ್ಲ. ಒಬ್ಬಳಿಗೆ ಬಂದ ಗಂಡುಗಳು ಹಿಡಿಸಲಿಲ್ಲ, ಇನ್ನೊಬ್ಬಳು ಬಂದ ಗಂಡುಗಳಿಗೆ ಹಿಡಿಸಲಿಲ್ಲ. ಯಾರು ಯಾವುದು ಎಂದು ಕೇಳಿದರೆ ಇಬ್ಬರೂ ಮೊದಲನೆಯದೇ ತಾನು ಎನ್ನುತ್ತಾರೆ. ಅಪ್ಪನ ಮನೆಯಲ್ಲೇ ಇದ್ದಾರೆ, ಅಪ್ಪನ ಕಾರನ್ನೇ ಓಡಿಸುತ್ತಾರೆ. ಮುಂಜಾನೆಯ ಡ್ಯೂಟಿಗೆ ಅಕ್ಕ ಓಡಿಸುತ್ತಾಳೆ, ರಜೆಯ ದಿನ ತಂಗಿ.

ಆ ರಜೆಯ ದಿನಗಳಲ್ಲೇ ಇತ್ತು ಎಡವಟ್ಟು. ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ತಿಂಗಳಿಗೊಮ್ಮೆ ಅಲ್ಲಿ ಟ್ರ್ಯಾಕ್ ಡೇ. ರೇಸಲ್ಲ, ಬಹುಮಾನವಿಲ್ಲ. ಮನೆಯ ಕಾರನ್ನೇ ತಂದು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಎದುರಿನಿಂದ ಯಾರೂ ಬಾರದ ರಸ್ತೆಯಲ್ಲಿ ಮನಸ್ಸು ತಣಿಯುವಷ್ಟು ಓಡಿಸುವುದು. ದಿನವಿಡೀ ಕತ್ತಲ ಕೋಣೆಯಲ್ಲಿ ಕೂತು ‘ಕೊನೇ ಸಾಲು ಓದಿ’ ಎಂದು ಹೇಳುವ ಹೆಂಗಸಿಗೆ ಅದೆಂಥ ಸುಖವೋ, ಕೇಳಬೇಡಿ. ಅಲ್ಲಿಂದ ಬಂದ ವಾರವೆಲ್ಲ ಅವಳು ಗಿರಾಕಿಗಳ ಜೊತೆ ನಗುನಗುತ್ತಾ ಮಾತನಾಡುತ್ತಿದ್ದಳು. ಹೋಗದ ತಿಂಗಳಲ್ಲಿ ಗಿರಾಕಿಗಳೇ ಹುಷಾರಾಗಿರಬೇಕಿತ್ತು.

ಈಚೆಗೆ ಒಂದು ಸಲ ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಬ್ರೇಕು ತುಳಿದರೆ ಪೆಡಲು ಕಲ್ಲಿನಂತೆ ನಿಂತಿತು, ಕಾರು ಮಾತ್ರ ನಿಲ್ಲಲಿಲ್ಲ. ಸುಟ್ಟ ವಾಸನೆ ಬಂತು, ತಂಗಿ ಕಾರು ಸಮೇತ ಮರಳಿನ ಗುಂಡಿಗೆ ಹೋದಳು. ಚಕ್ರದ ಡಿಸ್ಕನ್ನು ಅವುಚಿ ಹಿಡಿಯುವ ಮಾಮೂಲಿ ಬ್ರೇಕ್ ಪ್ಯಾಡುಗಳ ಹಣೆಬರಹವೇ ಅಷ್ಟು. ಪೇಟೆಯೊಳಗೆ ಸಾಧುಪ್ರಾಣಿ, ವಿಪರೀತ ಕಾದರೆ ಕೈಕೊಡುತ್ತವೆ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುವ, ಎಲ್ಲರಿಗಿಂತ ಜೋರಾಗಿ ಮಾತನಾಡುವ ಒಬ್ಬ ಆಸಾಮಿಗೆ ‘ಬಿರುಗಾಳಿ’ ಎಂದೇ ಹೆಸರು. ಅವನು ಬಂದು, “ಸಂತೆಗೆ ಹೋಗೋ ಪ್ಯಾಡಿಟ್ಕೊಂಡು ಇಲ್ಲಿಗೆ ಬರ್ತಾರಾ? ರೇಸಿನ ಪ್ಯಾಡು ಹಾಕ್ಸಿ” ಎಂದ. ತಂಗಿ ಹಾಕಿಸಿಯೂ ಬಿಟ್ಟಳು.

ಆಹಾ, ಅವು ಹಿಡಿದ ಹಿಡಿತವೇ ಹಿಡಿತ! ಟ್ರ್ಯಾಕಿನಲ್ಲಿ ಕಾದಷ್ಟೂ ಗಟ್ಟಿಯಾಗುತ್ತಿದ್ದವು. ಬರುವಾಗ ಪೇಟೆಯ ಪ್ರತಿ ಸಿಗ್ನಲ್ಲಿನಲ್ಲೂ ಕಾರು ಕಿಯ್ಯೋ ಎಂದು ಅರಚಿತು, ಬೀದಿ ನಾಯಿಗಳು ಎದ್ದು ಕೂತವು. ಅದನ್ನೂ ಅವಳು ಹೆಮ್ಮೆ ಎಂದುಕೊಂಡಳು. ಆದರೆ ರೇಸಿನ ಪ್ಯಾಡಿನ ಗುಣ ಉಲ್ಟಾ. ಕಾದರೆ ಹುಲಿ, ತಣ್ಣಗಿದ್ದರೆ ಹುಲಿಯ ಚಿತ್ರ. ತಂಗಿಗೆ ಅದು ಗೊತ್ತಿತ್ತು. ಮಾರನೆಯ ಬೆಳಗ್ಗೆ ಹಾಸಿಗೆಯಿಂದಲೇ, “ಅಕ್ಕಾ, ಮೊದಮೊದಲು ಬ್ರೇಕು ಸ್ವಲ್ಪ ಜೋರಾಗಿ ತುಳಿ” ಎಂದು ಕೂಗಿ ಮಗ್ಗುಲು ಬದಲಿಸಿದಳು. ತನ್ನ ಕೆಲಸ ಮುಗಿಯಿತು ಎಂದುಕೊಂಡಳು, ಪುಣ್ಯಾತ್ಗಿತ್ತಿ.

ಅಕ್ಕನ ಕಾಲು ಜೋರು ಎಂಬುದನ್ನೇ ಅರಿಯದ ಕಾಲು. ಮಲಗಿದ ಹಸುಗೂಸನ್ನು ತೊಟ್ಟಿಲಿಗೆ ಇಳಿಸುವ ಕೈ ಹೇಗೋ, ಬ್ರೇಕಿನ ಮೇಲೆ ಆಕೆಯ ಕಾಲೂ ಹಾಗೆಯೇ. ಅವರ ಮನೆ ಇರುವುದು ಇಳಿಜಾರಿನ ತುದಿಯಲ್ಲಿ. ಕೆಳಗೆ ರಸ್ತೆ ತಿರುಗುವಲ್ಲಿ ನಿವೃತ್ತ ಮೇಷ್ಟ್ರ ಗೇಟು, ಗೇಟಿನ ಆಚೀಚೆ ಹೂವಿನ ಕುಂಡಗಳು. ಅಕ್ಕ ಎಂದಿನಂತೆ ಮೆಲ್ಲಗೆ ಒತ್ತಿದಳು, ಕಾರು ಕೇಳಲಿಲ್ಲ. ಗಾಬರಿಯಲ್ಲಿ ಇನ್ನಷ್ಟು ಒತ್ತುವಷ್ಟರಲ್ಲಿ ಗೇಟು ಒಳಗೆ ಹೋಗಿತ್ತು, ಕುಂಡಗಳು ಪುಡಿಯಾಗಿದ್ದವು. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಇಳಿದು, ಮೇಷ್ಟ್ರಲ್ಲಿ ಕ್ಷಮೆ ಕೇಳಿ, ನಡೆದುಕೊಂಡೇ ಬಸ್‌ಸ್ಟಾಪಿಗೆ ಹೋದಳು. ಸಂಜೆ ಬಂದು ಪಿನ್ನು ಹುಡುಕಿದಳು.

“ಕಾರು ಮಾರೋಣ” ಎಂದಳು ಊಟದ ಹೊತ್ತಿಗೆ, ತಟ್ಟೆ ನೋಡುತ್ತಾ.

“ಅಪ್ಪನ ಕಾರು ಅಕ್ಕಾ!”

“ಅಪ್ಪ ಓಡಿಸುವಾಗ ಅದು ನಿಲ್ತಿತ್ತು.”

ತಂಗಿಗೆ ಅಳು ಬಂತು. ಅತ್ತಳು ಕೂಡ, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು. ಮುಖ ತೊಳೆದು ಹೊರಗೆ ಬರುವಾಗ ತೀರ್ಮಾನ ಮಾಡಿಬಿಟ್ಟಿದ್ದಳು. ಕಾರು ಮಾರುವುದಿಲ್ಲ, ಟ್ರ್ಯಾಕು ಬಿಡುವುದಿಲ್ಲ, ಅಕ್ಕ ಅದೇ ಕಾರಿನಲ್ಲಿ ಅದೇ ಇಳಿಜಾರನ್ನು ಇಳಿಯಬೇಕು. ಈ ಮೂರೂ ಆಗಬೇಕು. ಹಠದಲ್ಲಿ ಅವಳು ಉಡವೇ ಸರಿ, ಹಿಡಿದರೆ ಹಿಡಿದದ್ದೇ.

ಎಳೆಸಿ ತಂದ ಕಾರು ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಮೂತಿ ಜಜ್ಜಿಕೊಂಡು ನಿಂತಿತ್ತು. ಮೆಕ್ಯಾನಿಕ್ಕಿಗೆ ಬೀದಿಯವರು ಇಟ್ಟ ಹೆಸರು ‘ಗೊಣಗಪ್ಪ’. ಕಾರಿನ ಅಡಿಯಲ್ಲಿ ಮಲಗಿದ್ದಾಗಲೂ ಅವನ ಗೊಣಗಾಟ ಹೊರಗೆ ಕೇಳಿಸುತ್ತಿತ್ತು.

“ಅಣ್ಣಾ, ಬೆಳಗ್ಗೆ ಚಳೀಲೂ ಹಿಡೀಬೇಕು, ಟ್ರ್ಯಾಕಲ್ಲಿ ಕಾದಾಗ್ಲೂ ಹಿಡೀಬೇಕು. ಅಂಥ ಪ್ಯಾಡು ಹಾಕ್ಕೊಡು.”

“ಹಾಗೇನೇ ಒಂದು ಚಂದ್ರನ್ನೂ ಇಳಿಸಿ ಕೊಡ್ಲಾ? ಅತ್ತೆಗೂ ಸೈ, ಸೊಸೆಗೂ ಸೈ ಅನ್ನೋ ಮಾತು ಯಾವತ್ತಾದ್ರೂ ಇದೆಯೇನಮ್ಮಾ? ಟ್ರ್ಯಾಕಿಗೊಂದು ಸೆಟ್ಟು, ರಸ್ತೆಗೊಂದು ಸೆಟ್ಟು ಇಟ್ಕೊ. ಹೋಗೋ ಮುಂಚೆ ಹಾಕು, ಬಂದ್ಮೇಲೆ ಬಿಚ್ಚು.”

ಸಲಹೆ ಕೆಟ್ಟದ್ದೇನಲ್ಲ, ಎಷ್ಟೋ ಜನ ಹಾಗೇ ಮಾಡುತ್ತಾರೆ. ಆದರೆ ತಂಗಿ ತನ್ನ ಬುದ್ಧಿಯನ್ನು ಬಲ್ಲಳು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಅಂಗಡಿಯೆಲ್ಲ ಹುಡುಕುವವಳು, ಒಂದಲ್ಲ ಒಂದು ಭಾನುವಾರ ಪ್ಯಾಡು ಬಿಚ್ಚುವುದನ್ನು ಮರೆತೇ ಮರೆಯುತ್ತಾಳೆ. ಆ ಸೋಮವಾರ ಬೆಳಗ್ಗೆ ಇಳಿಜಾರಿನಲ್ಲಿ ಇರುವವಳು ಅಕ್ಕ.

“ಬೇಡ. ಒಂದೇ ಸೆಟ್ಟು” ಎಂದಳು.

“ಸಿಗಲ್ಲ” ಎಂದು ಗೊಣಗಪ್ಪ ಕಾರಿನಡಿಗೆ ಸರಿದ.

ಆ ವಾರ ಅಂಗಡಿಗೆ ಒಬ್ಬಳು ಹೊಲಿಗೆಯ ಅಜ್ಜಿ ಬಂದಳು. ಸೂಜಿಗೆ ದಾರ ಪೋಣಿಸಲೂ ಕಾಣಬೇಕು, ಬಸ್ಸಿನ ಬೋರ್ಡೂ ಕಾಣಬೇಕು, ಎರಡು ಕನ್ನಡಕ ಬೇಡವೇ ಬೇಡ ಎಂದು ಅವಳ ಪಟ್ಟು. “ಒಂದನ್ನ ಎಲ್ಲೋ ಇಟ್ಟು ಮರೀತೀನಮ್ಮಾ” ಎಂದಳು. ತಂಗಿ ಅಜ್ಜಿಯ ಮೂಗಿಗೆ ಪರೀಕ್ಷೆಯ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತಾ ಬಂದಳು.

“ಇದು ವಾಸಿನಾ, ಮೊದಲಿಂದು ವಾಸಿನಾ?”

“ಮೊದಲಿಂದು.”

“ಈಗ? ಇದಾ, ಅದಾ?”

ಕೈಯಲ್ಲಿ ಗಾಜು ಹಿಡಿದುಕೊಂಡೇ ತಂಗಿ ನಿಂತುಬಿಟ್ಟಳು. ಇಷ್ಟು ವರ್ಷಗಳಲ್ಲಿ ತನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂದು ಯಾವ ಗಿರಾಕಿಗೂ ಅವಳು ಗಾಜು ಹಾಕಿಕೊಟ್ಟಿರಲಿಲ್ಲ. ಅಂಥ ತಪ್ಪು ಮಾಡಿದವರನ್ನು ಕಂಡರೆ ಅವಳೇ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಬ್ರೇಕಿನ ವಿಷಯದಲ್ಲಿ ಮಾಡಿದ್ದೇನು? ತನ್ನ ಕಾಲಿಗೆ ಒಪ್ಪಿದ್ದನ್ನು ಅಕ್ಕನ ಕಾಲಿಗೆ ಹಾಕಿಬಿಟ್ಟಿದ್ದಳು.

“ಯಾಕಮ್ಮಾ ನಿಂತೆ? ನನ್ನ ಕಣ್ಣು ಅಷ್ಟು ಕೆಟ್ಟೋಗಿದೆಯಾ?” ಎಂದು ಅಜ್ಜಿ ಗಾಬರಿಯಾದಳು.

“ನಿಮ್ಮ ಕಣ್ಣು ಚೆನ್ನಾಗಿದೆ ಅಜ್ಜಿ, ಕೆಟ್ಟಿದ್ದು ನನ್ನ ತಲೆ” ಎಂದಳು ತಂಗಿ.

ಸಂಜೆ ಅಕ್ಕ ಚಪ್ಪಲಿ ಬಿಡುವುದನ್ನೇ ಕಾದು ಕೂತಿದ್ದಳು. “ಅಕ್ಕಾ, ನಿನ್ನ ಕಾಲಿನ ಪರೀಕ್ಷೆ ಮಾಡ್ಬೇಕು. ಬೇರೆ ಬೇರೆ ಪ್ಯಾಡು ಹಾಕಿಸ್ತೀನಿ, ಯಾವುದು ಯಾವುದು ಅಂತ ಹೇಳಲ್ಲ. ನೀನು ಓಡಿಸಿ ನೋಡಿ ಹೇಳು. ನೀನು ಹೇಳಿದ್ದೇ ಕೊನೆ.”

“ನಾನು ಆ ಕಾರು ಮುಟ್ಟಲ್ಲ.”

“ಖಾಲಿ ಮೈದಾನದಲ್ಲಿ ಕಣೇ. ಲಾರಿ ಸ್ಟ್ಯಾಂಡ್ ಹಿಂದೆ. ಒಂದು ನರಪಿಳ್ಳೆ ಇರಲ್ಲ ಅಲ್ಲಿ.”

ಅಕ್ಕ ಗೋಡೆಗೆ ಒರಗಿ ನಿಂತಳು. “ಮೇಷ್ಟ್ರು ದಿನಾ ಆ ಹೊತ್ತಿಗೆ ಕುಂಡಕ್ಕೆ ನೀರು ಹಾಕ್ತಾ ಅಲ್ಲೇ ನಿಂತಿರ್ತಾರೆ ಗೊತ್ತಾ? ಅವತ್ತು ಎದ್ದಿದ್ದು ತಡ ಆಯ್ತಂತೆ. ನನಗೆ ಅದೇ ಕಣ್ಮುಂದೆ ಬರುತ್ತೆ. ಈ ಕೈಯಲ್ಲಿ ಮಕ್ಕಳನ್ನ ಎತ್ಕೋತೀನಿ ಕಣೇ ನಾನು. ಮೇಷ್ಟ್ರು ಅಲ್ಲಿದ್ದಿದ್ರೆ?”

ಅಕ್ಕನದು ಸಿಟ್ಟು ಎಂದುಕೊಂಡಿದ್ದಳು ತಂಗಿ. ಸಿಟ್ಟಲ್ಲ, ಹೆದರಿಕೆ. ಆ ಹೆದರಿಕೆ ಹುಟ್ಟಿಸಿದವಳು ತಾನು.

“ತಪ್ಪು ನಂದು” ಎಂದಳು. “ಹೇಳಿದ್ರೆ ಸಾಕು ಅನ್ಕೊಂಡೆ. ಅದನ್ನ ಸರಿ ಮಾಡೋಕಾದ್ರೂ ಬಿಡು.”

ಅಕ್ಕ ಒಪ್ಪಿದಳು, ಆದರೆ ಷರತ್ತು ಹಾಕಿ. ಕೀಲಿಯನ್ನು ಗೊಣಗಪ್ಪನ ಕೈಗೆ ಕೊಡುತ್ತಾಳೆ, ತಂಗಿಯ ಕೈಗಲ್ಲ.

ಗೊಣಗಪ್ಪನ ಬಳಿ ಒಂದು ತಗಡಿನ ಡಬ್ಬಿಯಿತ್ತು. ಟ್ರ್ಯಾಕಿನವರು ಬಿಚ್ಚಿಸಿ ಬಿಟ್ಟುಹೋದ ಅರೆಸವೆದ ಪ್ಯಾಡುಗಳನ್ನೆಲ್ಲ ಅವನು ಬಿಸಾಡದೆ ಅದರಲ್ಲಿ ತುಂಬಿಟ್ಟಿದ್ದ. ‘ಸಿಗಲ್ಲ ಅಂದ್ರೆ ಸಿಗಲ್ಲ’ ಎಂದು ಗೊಣಗುತ್ತಲೇ ಇವರ ಕಾರಿಗೆ ಕೂರುವಂಥವನ್ನು ಆರಿಸಿದ. ಪ್ರತಿ ಶನಿವಾರ ಒಂದು ಸೆಟ್ಟು ಹಾಕಿ, ಹೊರವರ್ತುಲ ರಸ್ತೆಯಲ್ಲಿ ಓಡಿಸಿ, ನಿಲ್ಲಿಸದೆ ಮತ್ತೆ ಮತ್ತೆ ವೇಗ ತಗ್ಗಿಸಿ ಪಳಗಿಸುತ್ತಿದ್ದ. ಹೊಸ ಜೋಡಿಯಂತೆ ಪ್ಯಾಡು ಮತ್ತು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವುದು ಹಾಗೆಯೇ. ಬೆಳಗಾಗುವಷ್ಟರಲ್ಲಿ ಅವು ತಣ್ಣಗೆ ಕೊರೆಯುತ್ತಿರುತ್ತಿದ್ದವು. ಆಗ ಅಕ್ಕನ ಸರದಿ.

ಮೈದಾನದಲ್ಲಿ ತಂಗಿ ಒಂದು ಪ್ಲಾಸ್ಟಿಕ್ ಬಕೆಟ್ಟು ಇಟ್ಟು ದೂರ ನಿಂತಳು. ಮೊದಲ ಭಾನುವಾರ ಅಕ್ಕ ಸೀಟು ಮುಂದಕ್ಕೆ ಎಳೆದು ಕೂತಳು. ಕ್ಲಚ್ಚು ಬಿಟ್ಟ ರಭಸಕ್ಕೆ ಕಾರು ಕುಪ್ಪಳಿಸಿ ಆಫ್ ಆಯಿತು. ಗೊಣಗಪ್ಪ ನಗಲು ಬಾಯಿ ತೆರೆದವನು ತಂಗಿಯ ಮುಖ ನೋಡಿ ಮುಚ್ಚಿಕೊಂಡ. ಅಕ್ಕ ಮತ್ತೆ ಸ್ಟಾರ್ಟ್ ಮಾಡಿದಳು, ಓಡಿಸಿದಳು, ಮೆಲ್ಲಗೆ ಒತ್ತಿದಳು. ಕಾರು ಬಕೆಟ್ಟಿಗಿಂತ ಮೊದಲೇ ನಿಂತಿತು. ಅದು ಕಾರಿನ ಜೊತೆ ಬಂದ ಮಾಮೂಲಿ ಪ್ಯಾಡು. ಅಕ್ಕ ಸರಿ ಎಂದಳು, ಯಾವ ಪ್ಯಾಡೆಂದು ತಂಗಿ ಬಿಟ್ಟುಕೊಡಲಿಲ್ಲ.

ಎರಡನೆಯ ವಾರ ಹಾಕಿಸಿದ್ದು ತಂಗಿ ಒಳಗೊಳಗೇ ಹರಕೆ ಹೊತ್ತಿದ್ದ ಪ್ಯಾಡು. ಟ್ರ್ಯಾಕಿನಲ್ಲಿ ಎಷ್ಟು ಕಾದರೂ ಬಗ್ಗದು, ರಸ್ತೆಯಲ್ಲೂ ನಡೆಯುತ್ತದೆ ಎಂದು ಎಲ್ಲರೂ ಹೊಗಳುವ ಮಾಲು. ಅಕ್ಕ ಒಂದು ಸುತ್ತು ಓಡಿಸಿ, ಬಕೆಟ್ಟಿನ ಪಕ್ಕದಲ್ಲೇ ನಿಲ್ಲಿಸಿ, ಗಾಜು ಇಳಿಸಿದಳು.

“ಇದು ಮೊದಲು ನಿದ್ದೆ ಮಾಡುತ್ತೆ. ಆಮೇಲೆ ಗಾಬರಿ ಬಿದ್ದು ಎದ್ದೇಳುತ್ತೆ. ಬೇಡ.”

“ಇನ್ನೊಂದು ಸಲ ನೋಡಕ್ಕಾ. ಒಂಚೂರು ಗಟ್ಟಿಯಾಗಿ...” ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಗಿರಾಕಿ ಮಸುಕು ಎಂದ ಮೇಲೆ ಮಸುಕೇ. ಕಣ್ಣು ಕಿರಿದು ಮಾಡಿ ನೋಡಿ ಎಂದು ಹೇಳುವುದು ಯಾವ ಸೀಮೆಯ ಪರೀಕ್ಷೆ? “ಆಯ್ತು, ಬೇಡ” ಎಂದಳು. ಹರಕೆ ಹಾಳಾಯಿತು, ಆದರೂ ಎಂದಳು.

ಮೂರನೆಯದು ಅಷ್ಟೇನೂ ಹೆಸರು ಮಾಡಿದ್ದಲ್ಲ. ಅಕ್ಕ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಮತ್ತೆ ನಿಲ್ಲಿಸಿದಳು. ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಹೋದಳು.

“ಇದು ಎಚ್ಚರವಾಗೇ ಇದೆ” ಎಂದಳು. “ಕರೆದ ತಕ್ಷಣ ‘ಹೂಂ’ ಅನ್ನುತ್ತೆ.”

“ಮೊದಲಿಂದಕ್ಕಿಂತ ವಾಸಿನಾ?”

“ಅದಕ್ಕಿಂತ ವಾಸಿ. ಅರಚೋದೂ ಇಲ್ಲ.”

ಗೊಣಗಪ್ಪ ತಲೆ ಕೆರೆದುಕೊಂಡ. “ಇದು ಮಧ್ಯಮ ಮಾಲು ಕಣಮ್ಮಾ. ಟ್ರ್ಯಾಕಲ್ಲಿ ಸ್ವಲ್ಪ ಹೊತ್ತು ತಡೆಯುತ್ತೆ, ನೀನು ಓಡಿಸೋ ಹಾಗೆ ಓಡಿಸಿದ್ರೆ ಕೈ ಎತ್ತುತ್ತೆ.”

“ಹಾಗಾದ್ರೆ ನಾನು ಓಡಿಸೋ ಹಾಗೆ ಓಡಿಸಲ್ಲ” ಎಂದಳು ತಂಗಿ. “ಹೊಸ ಸೆಟ್ಟು ತರಿಸು.”

ಹೇಳುವುದು ಸುಲಭ. ಅವಳ ಬಲಗಾಲಿಗೆ ಒಂದು ಚಟವಿತ್ತು. ತಿರುವಿಗೆ ಬಹಳ ಮೊದಲೇ ಬ್ರೇಕಿನ ಮೇಲೆ ಕೂತು, ತಿರುವಿನ ತನಕ ಉಜ್ಜಿಕೊಂಡೇ ಹೋಗುವುದು. ಪ್ಯಾಡು ಕಾದು ಸಾಯುವುದು ಅದರಿಂದಲೇ. ಒಂದೇ ಸಲ ನೇರವಾಗಿ ತುಳಿದು, ಕೆಲಸ ಮುಗಿಸಿ, ಕಾಲು ತೆಗೆದುಬಿಡಬೇಕು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೇಜಿನ ಕೆಳಗೆ ಒಂದು ಹಳೆಯ ದಿಂಬು ಇಟ್ಟುಕೊಂಡು ಅದನ್ನೇ ತುಳಿದು ತುಳಿದು ಅಭ್ಯಾಸ ಮಾಡಿದಳು. ಜೊತೆಗೆ ಕಾದರೂ ಬೇಗ ಕುದಿಯದ ಹೊಸ ಬ್ರೇಕ್ ಆಯಿಲ್ ಹಾಕಿಸಿದಳು, ಡಿಸ್ಕಿನ ಕಡೆಗೆ ಗಾಳಿ ಬರುವ ಹಾಗೆ ಬಂಪರಿನಿಂದ ಕೊಳವೆ ಎಳೆಸಿದಳು. ಗೊಣಗಪ್ಪ ಗೊಣಗುವುದನ್ನು ಮರೆತು ಅಚ್ಚುಕಟ್ಟಾಗಿ ಮಾಡಿಕೊಟ್ಟ.

ಟ್ರ್ಯಾಕ್ ಡೇ ಬಂತು. ಕೀಲಿ ಅಕ್ಕನ ಜೇಬಿನಲ್ಲೇ.

“ಕೀಲಿ ಒಂದೇ ಬರಲ್ಲ. ನಾನೂ ಬರ್ತೀನಿ” ಎಂದಳು ಅಕ್ಕ.

ಹೆಲ್ಮೆಟ್ ಹಾಕಿಕೊಂಡ ಅಕ್ಕನನ್ನು ನೋಡಬೇಕಿತ್ತು, ತಲೆ ಮೇಲೆ ಕೊಡ ಬೋರಲು ಹಾಕಿದಂತೆ! ಮೊದಲ ಸುತ್ತಿನಲ್ಲಿ ಆಕೆ ಕಣ್ಣು ಮುಚ್ಚಿ, ಬಾಗಿಲ ಹಿಡಿ ಹಿಡಿದು ಕೂತಿದ್ದಳು. ಎರಡನೆಯದರಲ್ಲಿ ಒಂದು ಕಣ್ಣು ತೆರೆದಳು. ನೇರ ದಾರಿಯ ಕೊನೆ ಬಂತು. ತಂಗಿ ಒಂದೇ ಸಲ ತುಳಿದಳು, ಕಾರು ಮೂಗು ತಗ್ಗಿಸಿ ವೇಗ ಇಳಿಸಿತು, ಕಾಲು ತೆಗೆದಳು, ತಿರುಗಿತು. ಮರಳಿನ ಗುಂಡಿ ಪಕ್ಕದಲ್ಲೇ ಸರಿದುಹೋಯಿತು. ಅಕ್ಕ ಎರಡನೆಯ ಕಣ್ಣನ್ನೂ ತೆರೆದಳು.

ಮತ್ತೊಂದೆರಡು ಸುತ್ತಿನಲ್ಲಿ ಮುಂದೆ ಬಿರುಗಾಳಿಯ ಕಾರಿನ ಬೆನ್ನು ಕಾಣಿಸಿತು. ಇಷ್ಟು ದಿನ ಅವನ ಹತ್ತಿರವೂ ಸುಳಿಯಲಾಗಿರಲಿಲ್ಲ. ಇವತ್ತು ಅಂತರ ಕಡಿಮೆಯಾಗುತ್ತಾ ಬಂತು. ಇನ್ನೊಂದು ಸುತ್ತಿನಲ್ಲಿ ಅವನನ್ನು ಹಿಂದೆ ಹಾಕಬಹುದಿತ್ತು.

“ಹೋಗು! ಹೋಗೇ! ಹಿಂದೆ ಹಾಕು ಅವನನ್ನ!” ಎಂದು ಅಕ್ಕ ಹೆಲ್ಮೆಟ್ಟಿನೊಳಗಿನಿಂದ ಕಿರುಚಿದಳು. ಹೌದು, ಅಕ್ಕನೇ. ಕಾರು ಮಾರೋಣ ಎಂದಿದ್ದ ಅದೇ ಅಕ್ಕ.

ತಂಗಿ ಮುಂದಿನ ತಿರುವಿಗೆ ಬ್ರೇಕು ತುಳಿದಳು. ಕಾರು ನಿಧಾನವಾಯಿತು, ಆದರೆ ಕೂದಲೆಳೆಯಷ್ಟು ತಡವಾಗಿ. ಅಕ್ಕನಿಗೆ ತಿಳಿಯುವಂಥದ್ದಲ್ಲ, ತಂಗಿಯ ಕಾಲಿಗೆ ತಿಳಿಯಿತು. ಪ್ಯಾಡು ಕಾದಿದೆ. ಇನ್ನೊಂದು ಸುತ್ತು ಎಳೆದರೆ ಎಳೆಯುತ್ತದೆ. ಆಮೇಲೆ ಅದರ ಮೈ ಸುಟ್ಟು ಗಾಜಿನಂತಾದರೆ ನಾಳೆಯ ಚಳಿಯಲ್ಲಿ ಕರೆದಾಗ ‘ಹೂಂ’ ಎನ್ನುವುದಿಲ್ಲ. ಬಿರುಗಾಳಿಯ ಕಾರಿನ ಬೆನ್ನು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ತಂಗಿ ಹಲ್ಲು ಕಚ್ಚಿ ಆಕ್ಸಿಲರೇಟರಿನಿಂದ ಕಾಲು ತೆಗೆದಳು.

“ಯಾಕೆ? ಯಾಕೆ ಬಿಟ್ಟೆ?”

“ನಾಳೆ ಬೆಳಗ್ಗೆ ನಿನಗೆ ಡ್ಯೂಟಿ ಇದೆ” ಎಂದಳು ತಂಗಿ.

ಬ್ರೇಕು ಮುಟ್ಟದೆ ಒಂದು ಸುತ್ತು ನಿಧಾನವಾಗಿ ಗಾಳಿ ಕುಡಿಸಿ ಹೊರಗೆ ತಂದಳು. ಕಾದ ಪ್ಯಾಡು ಡಿಸ್ಕಿಗೆ ಅಂಟಬಾರದೆಂದು ಹ್ಯಾಂಡ್‌ಬ್ರೇಕ್ ಕೂಡ ಎಳೆಯದೆ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟಳು. ಬಿರುಗಾಳಿ ಬಂದು, “ಏನ್ರೀ, ಹೆದರಿಬಿಟ್ರಾ?” ಎಂದು ನಕ್ಕ.

“ಹೂಂ ಕಣಪ್ಪಾ, ಹೆದರಿದ್ಳು” ಎಂದು ಅಕ್ಕನೇ ಉತ್ತರ ಕೊಟ್ಟಳು. “ಹೆದರೋದನ್ನ ಈಗ ಕಲ್ತಿದಾಳೆ. ನೀನೂ ಕಲ್ತ್ಕೊ.”

ಸೋಮವಾರ ಬೆಳಗ್ಗೆ ಅಕ್ಕ ಯೂನಿಫಾರ್ಮು ಹಾಕಿಕೊಂಡು ಹೊರಬಂದಾಗ ತಂಗಿಯ ಹಾಸಿಗೆ ಖಾಲಿಯಿತ್ತು. ಚಳಿಗೆ ಕಾರಿನ ಗಾಜೆಲ್ಲ ಮಂಜು. ಒರೆಸಿ, ಸ್ಟಾರ್ಟ್ ಮಾಡಿ, ಇಳಿಜಾರಿನ ತುದಿಗೆ ಬಂದು ಕೆಳಗೆ ನೋಡಿದರೆ ಮೇಷ್ಟ್ರ ಹೊಸ ಗೇಟಿನ ಮುಂದೆ, ಹೊಸ ಕುಂಡಗಳ ನಡುವೆ, ಶಾಲು ಹೊದ್ದುಕೊಂಡು ತಂಗಿ ನಿಂತಿದ್ದಾಳೆ. ಅಕ್ಕ ಹಾರನ್ನು ಒತ್ತಿದಳು. ತಂಗಿ ಅಲುಗಾಡಲಿಲ್ಲ. ಅಕ್ಕ ಕಾರಿನಿಂದ ಇಳಿದು ಮೇಲಿನಿಂದಲೇ ಕೂಗಿದಳು.

“ಪಕ್ಕಕ್ಕೆ ಸರಿಯೇ ಕತ್ತೆ!”

“ಸರಿಯಲ್ಲ.”

“ತಲೆ ಕೆಟ್ಟಿದೆಯಾ ನಿನಗೆ? ಏನಾದ್ರೂ ಆದ್ರೆ?”

“ಏನೂ ಆಗಲ್ಲ. ಆ ಪ್ಯಾಡು ನಾನು ಆರಿಸಿದ್ದಲ್ಲ ಅಕ್ಕಾ, ನಿನ್ನ ಕಾಲು ಆರಿಸಿದ್ದು. ನನ್ನ ಕಾಲಿನ ಮೇಲೆ ನಂಬಿಕೆ ಇಲ್ಲದಿದ್ರೆ ಬಿಡು. ನಿನ್ನ ಕಾಲಿನ ಮೇಲೆ ನನಗಿದೆ.”

ಗೇಟಿನೊಳಗೆ ಮೇಷ್ಟ್ರು ನೀರಿನ ಚೊಂಬು ಹಿಡಿದು ಇಬ್ಬರನ್ನೂ ನೋಡುತ್ತಾ ನಿಂತಿದ್ದರು. ಬೆಳಬೆಳಗ್ಗೆ ಈ ಅಕ್ಕತಂಗಿಯರದ್ದು ಏನಪ್ಪಾ ಎಂದು ಅವರಿಗೆ ಅನ್ನಿಸಿರಬೇಕು. ಅಕ್ಕ ಕಾರಿನೊಳಗೆ ಕೂತಳು. ಬಾಗಿಲು ಹಾಕಿದ ಸದ್ದು ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ತಂಗಿ ಶಾಲಿನೊಳಗೆ ಮುಷ್ಟಿ ಬಿಗಿದಳು. ಸುಳ್ಳೇಕೆ, ಅವಳಿಗೂ ಹೆದರಿಕೆಯಾಯಿತು. ಸರಿಯಲಿಲ್ಲ.

ಕಾರು ಇಳಿಯತೊಡಗಿತು. ಅಕ್ಕ ಎಂದಿನಂತೆ, ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟೇ ಮೆಲ್ಲಗೆ ಒತ್ತಿದಳು. ಕಾರು ಸದ್ದಿಲ್ಲದೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಗೇಟು ಇನ್ನೂ ಮನೆ ಉದ್ದದಷ್ಟು ದೂರ ಇರುವಾಗಲೇ ನಿಂತಿತು.

ಮೇಷ್ಟ್ರು ಕುಂಡಕ್ಕೆ ನೀರು ಹಾಕಿದರು. ತಂಗಿ ಹತ್ತಿರ ಹೋದಾಗ ಅಕ್ಕ ಸ್ಟೀರಿಂಗಿಗೆ ಹಣೆ ಆನಿಸಿ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಂಡು ಗಾಜು ಇಳಿಸಿ, ಜೇಬಿನ ಪಿನ್ನು ಬಿಚ್ಚಿ ತಂಗಿಯ ಕೈಗೆ ಹಾಕಿದಳು.

“ತಗೋ. ಕನ್ನಡಕಾನ ಇದ್ರಲ್ಲಿ ಶಾಲಿಗೆ ಸಿಕ್ಕಿಸ್ಕೊ, ಎಲ್ಲಿಟ್ಟೆ ಅಂತ ಹುಡುಕೋದು ತಪ್ಪಲಿ.”

“ಕೀಲಿ?”

“ಸಂಜೆ ಬಂದು ಮೊಳೆಗೆ ಹಾಕ್ತೀನಿ” ಎಂದಳು ಅಕ್ಕ. ಗೇರು ಹಾಕಿ, ತಿರುವಿನಲ್ಲಿ ಮತ್ತೊಮ್ಮೆ ಸುಮ್ಮನೆ ಬ್ರೇಕು ಮುಟ್ಟಿ ನೋಡಿ, ಡ್ಯೂಟಿಗೆ ಹೋದಳು.